ತೊಂಬತ್ತಕ್ಕೆ ನಿಂತ ಕೈ

ಈ ಸಲ ಆಗಸ್ಟಿನಲ್ಲಿ ಪರೀಕ್ಷೆಯ ಕೆಲಸದ ಮೇಲೆ ಇಂಡಿಗೆ ಹೋಗಬೇಕಾಯಿತು. ವಿಜಯಪುರದಲ್ಲಿ ಬಸ್ಸು ಹತ್ತಿ ಕೂತಿದ್ದೆ. ಮುಂದಿನ ಸೀಟಿನ ಹಿರಿಯರೊಬ್ಬರು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ಹೆಗಲಿಗೆ ಮುಲಾಮು ತಿಕ್ಕಿಕೊಳ್ಳತೊಡಗಿದರು. ನೀಲಗಿರಿ, ಕರ್ಪೂರ, ಅದರಡಿಯಲ್ಲಿ ಬೆವರು. ಕಿಟಕಿ ಸರಿಸಿದೆ, ವಾಸನೆ ಹೋಗಲಿಲ್ಲ. ಎರಡು ದಿನ ಕೆಲಸ ಮುಗಿಸಿ ಸುಮ್ಮನೆ ವಾಪಸು ಹೋಗಬಹುದಿತ್ತು. ಆ ವಾಸನೆ ಮೂಗಿಗೆ ಬಡಿದ ಮೇಲೆ ಅದು ಆಗಲಿಲ್ಲ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ವರ್ಷದ ಮಾತಿದು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಸಿಂದಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಆ ಸಲ ನೇಮಕದ ಆದೇಶ ಬರಲೇ ಇಲ್ಲ. ಇವತ್ತು ನಾಳೆ ಎನ್ನುತ್ತ ಜೂನ್ ಕಳೆಯಿತು. ಒಂದು ಕಡೆ ಕೂರುವ ಸ್ವಭಾವ ನನ್ನದಲ್ಲ. ಪರಿಚಯದವರೊಬ್ಬರು ಹೇಳಿದ್ದಕ್ಕೆ ಒಬ್ಬ ಡಾಕ್ಟರ ಬಳಿ ಭಾನುವಾರದ ಕೆಲಸ ಹಿಡಿದೆ.

ಅವರು ಭುಜದ ತಜ್ಞರು. ವಾರವೆಲ್ಲ ವಿಜಯಪುರದಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಭಾನುವಾರ ತಮ್ಮದೇ ಕಾರಿನಲ್ಲಿ ಹೊರಡುತ್ತಿದ್ದರು. ತಿಂಗಳ ಮೊದಲ ಭಾನುವಾರ ಇಂಡಿ, ಎರಡನೆಯದು ಸಿಂದಗಿ, ಮೂರನೆಯದು ಮುದ್ದೇಬಿಹಾಳ, ನಾಲ್ಕನೆಯದು ಬಸವನ ಬಾಗೇವಾಡಿ. ಜನ ಅವರನ್ನು ರಟ್ಟಿ ಡಾಕ್ಟರು ಎನ್ನುತ್ತಿದ್ದರು. "ಮೊಳಕಾಲ ನೋವಂತ ಹ್ವಾದ್ರೂ ಹೆಗಲ ತಿರುವಿ ನೋಡಿ ಕಳಸ್ತಾರ" ಎಂದು ಹೊರಗಿನ ಬೆಂಚಿನ ಮೇಲೆ ನಗುತ್ತಿದ್ದರು. ಕೆಟ್ಟ ಡಾಕ್ಟರಲ್ಲ. ದಣಿದ ಡಾಕ್ಟರು. ಒಂದು ದಿನಕ್ಕೆ ಐವತ್ತು ಅರವತ್ತು ಹೆಗಲು ನೋಡುತ್ತಿದ್ದರು. ಕಾರಿನಲ್ಲಿ ಕೂತ ತಕ್ಷಣ ಮಾತಿನ ನಡುವೆಯೇ ನಿದ್ದೆ ಹೋಗುತ್ತಿದ್ದರು.

ಅಳೆಯುವುದು ನನ್ನ ಕೆಲಸ. ನಡುವೆ ಕೋನಮಾಪಕವಿರುವ, ಎರಡು ಪ್ಲಾಸ್ಟಿಕ್ ಪಟ್ಟಿಗಳ ಒಂದು ಸಾಧನ ಕೊಟ್ಟಿದ್ದರು. ಒಂದು ಪಟ್ಟಿ ಮೈಗುಂಟ, ಇನ್ನೊಂದು ಎತ್ತಿದ ತೋಳಿಗುಂಟ ಇಟ್ಟರೆ ಕೈ ಎಷ್ಟು ಡಿಗ್ರಿ ಏರಿತೆಂದು ತಿಳಿಯುತ್ತದೆ. ಜನ ಅದಕ್ಕೆ ಕತ್ತರಿ ಎಂದರು, ನನಗೆ ಅಳತಿ ಮಾಸ್ತರ ಎಂದರು. "ಹ್ವಾದ ಸಲ ಕತ್ತರಿ ಹಚ್ಚಿದ್ರೆಲ್ಲ, ನಾಕ್ ದಿನ ಹಗುರಿತ್ರಿ" ಎಂದು ಒಬ್ಬರು ಹೇಳಿದ್ದು ನೆನಪಿದೆ. ಪರೀಕ್ಷೆಯ ಅಂಕಗಳಂತೆ ತಮ್ಮ ತಮ್ಮ ಡಿಗ್ರಿ ಹೋಲಿಸಿಕೊಳ್ಳುತ್ತಿದ್ದರು. "ನನಗ ನೂರಿಪ್ಪತ್ತು ಬಂತು. ನಿನಗ?"

ಡಾಕ್ಟರು ಮೊದಲ ದಿನವೇ ನನಗೊಂದು ಪಾಠ ಹೇಳಿದ್ದರು. ರೋಗಿ ತಾನಾಗಿ ಎತ್ತಲಾರದ ಕೈಯನ್ನು ನಾವು ಹಿಡಿದು ಎತ್ತಬೇಕು. ನಾವು ಎತ್ತಿದರೂ ಏಳದಿದ್ದರೆ ಕೀಲು ಬಿಗಿದಿದೆ, ಅದಕ್ಕೆ ಎಳೆದು ಬಿಡಿಸುವ ಚಿಕಿತ್ಸೆ. ನಾವು ಎತ್ತಿದರೆ ಸಲೀಸಾಗಿ ಎದ್ದು, ಬಿಟ್ಟರೆ ಬೀಳುವುದಾದರೆ ಒಳಗೆ ಸ್ನಾಯುವಿನ ಹುರಿ ಹರಿದಿದೆ, ಅದನ್ನು ಎಳೆಯಕೂಡದು. "ಇದೊಂದ ತಿಳಕೊ. ಉಳಿದದ್ದೆಲ್ಲಾ ಇದರ ಮ್ಯಾಲ ನಿಂತೈತಿ." ಈ ಮಾತನ್ನು ಅವರು ಹೇಳಿದ್ದು ಮೊದಲ ದಿನವೇ ಎಂಬುದರ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನವಿದ್ದಿದ್ದರೆ ಚೆನ್ನಾಗಿತ್ತು.

ಬೋರವ್ವ ಬಂದದ್ದು ಜುಲೈನ ಮೊದಲ ಭಾನುವಾರ, ಇಂಡಿಯಲ್ಲಿ. ಮಳೆ ಬರುತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ನಿಜಕ್ಕೂ ಆ ಜುಲೈನಲ್ಲಿ ಮೋಡ ಮಾತ್ರ ಬರುತ್ತಿತ್ತು, ಬಂದು ಗಾಳಿಗೆ ಹೋಗುತ್ತಿತ್ತು. ಬಸ್ ನಿಲ್ದಾಣದ ಹತ್ತಿರ ಔಷಧಿ ಅಂಗಡಿಯ ಹಿಂದಿನ ಒಂದೇ ಕೋಣೆ ನಮ್ಮ ದವಾಖಾನೆ. ಗೋಡೆಗುಂಟ ಬೆಂಚು, ಬೆಂಚಿನ ತುಂಬ ಗಂಡಸರು, ಎಲ್ಲರ ಹೆಗಲಿಂದಲೂ ಆ ನೀಲಗಿರಿ ಮುಲಾಮಿನ ವಾಸನೆ. ಹಮಾಲರು, ಬೈಕಿನಿಂದ ಬಿದ್ದವರು, ತಾಲೀಮಿನವರು. ಒಬ್ಬರನ್ನು ಪರೀಕ್ಷಿಸುವಾಗ ಉಳಿದವರೆಲ್ಲ ನೋಡುತ್ತಾರೆ, ಸಲಹೆಯನ್ನೂ ಕೊಡುತ್ತಾರೆ. ಬೋರವ್ವ ಐವತ್ತರ ಸಮೀಪದ, ಗಟ್ಟಿ ಎಲುಬಿನ ಹೆಂಗಸು. ಇಳಕಲ್ ಸೀರೆಯ ಸೆರಗು ತಲೆಯ ಮೇಲಿಂದ ಬಲ ಹೆಗಲನ್ನು ಸುತ್ತಿ ನಡುವಿಗೆ ಬಂದಿತ್ತು. ಜೊತೆಗೆ ಬಂದಿದ್ದ ಭಾವ ತಲೆಯ ಪಟಗ ಸರಿಪಡಿಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ.

"ಏನಾಗೈತಿ ಅವ್ವಾ?" ಎಂದರು ಡಾಕ್ಟರು.

"ರಟ್ಟಿ ಏಳವಲ್ದ್ರಿ ಸಾಹೇಬ್ರ. ಬ್ಯಾಸಗಿ ಚಾಟ್ನಿ ಮುಗಿಸಿ ಬರೂ ಮುಂದ ಟ್ರೇಲರ್ ಹತ್ತಾಕತ್ತಿದ್ನಿ. ಗಾಡಿ ಸರೀತು, ಹಿಡಿದ ಕೈ ಜಗ್ಗಿತು."

"ಸಕ್ಕರಿ ಐತೇನು?"

"ಐತ್ರಿ. ಮನ್ಯಾಗಿನ ಸಕ್ಕರಿ ಡಬ್ಬಿ ನನ್ನ ಕಂಡ್ರ ಬಾಯಿ ಮುಚಗೊಂತೈತಿ."

ಬೆಂಚು ನಕ್ಕಿತು. ಭಾವ ನಗಲಿಲ್ಲ. "ಅಕೀದು ಹನ್ನೆರಡು ಮಂದಿ ಗ್ಯಾಂಗ್ ಐತ್ರಿ, ಚಡಚಣದ ಕಡೆ ದ್ರಾಕ್ಷಿ ತ್ವಾಟದಾಗ. ಅಕ್ಟೋಬರ್ ಚಾಟ್ನಿಗೆ ಅಕಿ ಕೈ ಬೇಕ ಬೇಕ್ರಿ" ಎಂದ.

ದ್ರಾಕ್ಷಿ ಬಳ್ಳಿ ಸವರುವುದಕ್ಕೆ ಆ ಕಡೆ ಚಾಟ್ನಿ ಎನ್ನುತ್ತಾರೆ. ಬೇಸಿಗೆಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ. ಹಣ್ಣು ಕೊಡುವುದು ಅಕ್ಟೋಬರಿನದು. ಚಪ್ಪರದ ಕೆಳಗೆ ಕೈ ಮೇಲೆತ್ತಿಕೊಂಡೇ ದಿನವಿಡೀ ಸವರಬೇಕು. ಗ್ಯಾಂಗಿನ ಮುಖ್ಯಸ್ಥೆ ಸಾಲಿನ ಮುಂದೆ ನಡೆಯುತ್ತಾಳೆ. ಒಂದು ಕಡ್ಡಿಗೆ ಎಷ್ಟು ಚಿಗುರೊಡೆಯುವ ಕಣ್ಣು ಬಿಟ್ಟು ಅವಳು ಕತ್ತರಿಸುತ್ತಾಳೋ ಹಿಂದಿನವರೆಲ್ಲ ಅದನ್ನು ನೋಡಿ ಕತ್ತರಿಸುತ್ತಾರೆ. ತೋಟದವನು ಮಾತಾಡುವುದು ಅವಳೊಬ್ಬಳೊಡನೆ. ಮುಂದೆ ನಡೆಯಲಾಗದವಳು ಮುಖ್ಯಸ್ಥೆಯಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಮೀರಿದವರಿಲ್ಲ. ಬೋರವ್ವ ಹದಿನಾರು ವರ್ಷದಿಂದ ಮುಂದೆ ನಡೆದವಳು.

ಕೈ ಎತ್ತಲು ಹೇಳಿದೆ. ಎತ್ತಿದಳು, ಅರ್ಧಕ್ಕೂ ಬರಲಿಲ್ಲ, ನಡುಗಿತು. ಡಾಕ್ಟರು ಮೊಳಕೈ ಹಿಡಿದು ತಾವೇ ಎತ್ತಿದರು. ಕೈ ನೆಲಕ್ಕೆ ಸಮನಾಗುವವರೆಗೆ ಬಂತು, ಅಲ್ಲಿ ಅವಳು ಮೈಯೆಲ್ಲ ಬಿಗಿ ಹಿಡಿದಳು. "ಸಾಕ್ರಿ, ಸಾಕ್ರಿ" ಎಂದಳು. ಕತ್ತರಿ ಹಚ್ಚಿದೆ. ತೊಂಬತ್ತು. ಬರೆದುಕೊಂಡೆ.

ವಯಸ್ಸು, ಸಕ್ಕರೆ ಕಾಯಿಲೆ, ಎತ್ತಿದರೂ ಏಳದ ಕೈ. ಪುಸ್ತಕದಲ್ಲಿ ಇರುವುದು ಹಾಗೆಯೇ. ಕೀಲು ಬಿಗಿದಿದೆ ಎಂದರು ಡಾಕ್ಟರು. ವಾರಕ್ಕೊಮ್ಮೆ ಎಳೆದು ಬಿಡಿಸಬೇಕು, ಮನೆಯಲ್ಲಿ ವ್ಯಾಯಾಮ ಮಾಡಬೇಕು, ಮೂರು ತಿಂಗಳು ಬೇಕು.

"ತಿಂಗಳಿಗೊಮ್ಮೆ ಬರ್ತೀರೆಲ್ಲರಿ ನೀವು."

"ಇಲ್ಲಿಗೆ ತಿಂಗಳಿಗೊಮ್ಮೆ. ಉಳಿದ ಭಾನುವಾರ ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ."

"ಹಂಗಾರ ನಾನೂ ಅಲ್ಲೇ ಬರ್ತೇನ್ರಿ. ಬಸ್ ಹೆಂಗೂ ಪುಕ್ಕಟ ಆಗೇತಿ."

ತಮಾಷೆಗೆ ಅಂದಳೆಂದುಕೊಂಡೆವು. ಮುಂದಿನ ಭಾನುವಾರ ಸಿಂದಗಿಯಲ್ಲಿ ನಾವು ಕಾರಿನಿಂದ ಇಳಿಯುವಾಗ ಮೆಟ್ಟಿಲ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು ಕೂತಿದ್ದಳು. ಮುದ್ದೇಬಿಹಾಳ ಅವಳ ಊರಿನಿಂದ ಜಿಲ್ಲೆಯ ಇನ್ನೊಂದು ತುದಿ. ಅಲ್ಲಿಗೂ ಬಂದಳು, ಮೂರು ಬಸ್ಸು ಬದಲಿಸಿ. ನಸುಕಿನಲ್ಲಿ ಹೊರಟು ಮಧ್ಯಾಹ್ನಕ್ಕೆ ಮುಟ್ಟುವುದು, ಹತ್ತು ನಿಮಿಷ ಕೈ ಜಗ್ಗಿಸಿಕೊಳ್ಳುವುದು, ಮತ್ತೆ ಮೂರು ಬಸ್ಸು.

"ಕಂಡಕ್ಟರ್ ಕೇಳ್ತಾನ್ರಿ, ಯವ್ವಾ, ನಿನ್ನ ಬೀಗರು ಎಷ್ಟು ಊರಾಗ ಅದಾರಂತ" ಎಂದಳು ಒಮ್ಮೆ. "ಒಬ್ಬನ ಬೀಗ ಅದಾನಪಾ, ವಾರಕ್ಕೊಂದು ಊರ ತಿರಗತಾನಂದೆ."

ಡಾಕ್ಟರು ಕೈ ಎಳೆಯುವಾಗ ಕುರ್ಚಿ ಅಲುಗದಂತೆ ಹಿಂದಿನಿಂದ ಹಿಡಿದುಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಅವಳು ಕೂಗುತ್ತಿರಲಿಲ್ಲ. ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಡಗೈಯಿಂದ ಗದ್ದದ ಕೆಳಗೆ ಬಿಗಿಯಾಗಿ ಹಿಡಿದು ಕೂರುತ್ತಿದ್ದಳು. ಮೂಗಿನಿಂದ ಮಾತ್ರ ಒಂದು ಸಣ್ಣ ಸದ್ದು. ಅದನ್ನು ಆಗಲೇ ಕಂಡಿದ್ದೆನೋ, ಗೊತ್ತಾದ ಮೇಲೆ ಮನಸ್ಸು ತಂದು ಅಲ್ಲಿಟ್ಟಿತೋ, ಹೇಳಲಾರೆ. ನೋವಿಗೆ ಕಚ್ಚಿದ್ದಾಳೆ ಅಂದುಕೊಂಡೆ ಎಂದು ನೆನಪು ಹೇಳುತ್ತದೆ. ನೆನಪು ತನಗೆ ಅನುಕೂಲವಾದದ್ದನ್ನೇ ಹೇಳುತ್ತದೆ ಎಂಬುದನ್ನು ನಾನು ಓದಿಕೊಂಡವನು.

ಪ್ರತಿ ವಾರ ತೊಂಬತ್ತು. ಎಂಬತ್ತೆಂಟಲ್ಲ, ತೊಂಬತ್ತೈದಲ್ಲ. ನನಗೆ ಚಿಂತೆಯಾಗಬೇಕಿತ್ತು, ಹೆಮ್ಮೆಯಾಯಿತು. ನನ್ನ ಅಳತೆ ಅಷ್ಟು ಕರಾರುವಾಕ್ಕು ಎಂದುಕೊಂಡೆ. ತಪ್ಪು ರೀತಿಯಲ್ಲಿ ಅಳೆದರೆ ಪ್ರತಿ ಸಲವೂ ಅದೇ ತಪ್ಪು ಉತ್ತರ ಬರುತ್ತದೆ ಎಂದು ಮೊದಲ ವರ್ಷದ ಮಕ್ಕಳಿಗೆ ಪಾಠ ಹೇಳಿದ್ದವನು ನಾನೇ.

ಅಷ್ಟಕ್ಕೆ ನಿಲ್ಲಿಸಲಿಲ್ಲ. ಒಂದು ನೋಟುಬುಕ್ಕಿನಲ್ಲಿ ಎಲ್ಲರ ಡಿಗ್ರಿಗಳನ್ನೂ ಕೂಡಿಸಿ ಕೋಷ್ಟಕ ಮಾಡಿದೆ. ಗಂಡಸರವು ಎಲ್ಲೆಲ್ಲೋ ಚದುರಿದ್ದವು. ನಡುವಯಸ್ಸು ದಾಟಿದ ಹೆಂಗಸರದು, ಬಲಗೈಯದು, ಹೆಚ್ಚೂಕಡಿಮೆ ತೊಂಬತ್ತರ ಸುತ್ತ ಗುಂಪು ಕಟ್ಟಿದ್ದವು. ಕಾರಿನಲ್ಲಿ ಡಾಕ್ಟರಿಗೆ ತೋರಿಸಿದೆ. ಅವರ ನಿದ್ದೆ ಹಾರಿತು. ದಿನಾ ರೊಟ್ಟಿ ಬಡಿಯುವ ಕೈ, ಅದಕ್ಕೇ ಇರಬೇಕು ಎಂದರು. ನಾನು ಪ್ರಬಂಧ ಬರೆಯಲು ಕೂತೆ. ತಲೆಬರಹ ಕೂಡ ಸಿದ್ಧವಿತ್ತು. ನಾನು ಹುಟ್ಟಿದ್ದು ಮುದ್ದೇಬಿಹಾಳ ತಾಲೂಕಿನ ಹಳ್ಳಿಯಲ್ಲಿ. ನನ್ನವ್ವ, ಚಿಕ್ಕವ್ವ, ಓಣಿಯ ಎಲ್ಲ ಹೆಂಗಸರೂ ಹಿರಿಯರೆದುರು ತಲೆಯ ಮೇಲಿನ ಸೆರಗು ಜಾರಗೊಡದವರು. ಡಾಕ್ಟರೂ ಅದೇ ಮಣ್ಣಿನವರು. ದೂರದಿಂದ ಬಂದ ಯಾರಾದರೂ ಆ ಕುರ್ಚಿಯ ಹಿಂದೆ ನಿಂತಿದ್ದರೆ ಮೊದಲ ದಿನವೇ ಈ ಬಟ್ಟೆ ಯಾಕೆ ಎಂದು ಕೇಳುತ್ತಿದ್ದರು. ನಮಗೆ ಅದು ಬಟ್ಟೆಯಾಗಿ ಕಾಣಿಸುತ್ತಲೇ ಇರಲಿಲ್ಲ.

ಈಗ ತೋಟದ ದಿನದ ಮಾತು. ನನ್ನ ನಿದ್ದೆ ಕೆಡಿಸಿದ ದಿನ ಅದು. ತಾರೀಖು ನನ್ನ ಬಳಿ ಇರಲಿಲ್ಲ. ಒಂದು ಬಿಡಿ ಹಾಳೆಯ ಮೇಲೆ ನನ್ನದೇ ಅಕ್ಷರದಲ್ಲಿ "ತಂತಿ, ನೆಲದಿಂದ ಆರೂವರೆ ಅಡಿ" ಎಂದಿದೆ. ಬೇರೇನೂ ಇಲ್ಲ.

ರೊಟ್ಟಿಯ ಜೊತೆಗೆ ತೋಟದ ಕೆಲಸವನ್ನೂ ಪ್ರಬಂಧದಲ್ಲಿ ಸೇರಿಸೋಣ ಎಂದು ಟೇಪು ಹಿಡಿದು ಬೋರವ್ವನ ತೋಟಕ್ಕೆ ಹೋಗಿದ್ದೆ. ಚಪ್ಪರದಡಿ ಹಸಿರು ನೆರಳು, ಔಷಧಿ ಹೊಡೆದ ಗಂಧಕದ ವಾಸನೆ. ಸಾಲಿನಲ್ಲಿ ಹೆಂಗಸರು ಬಳ್ಳಿಯ ಪಕ್ಕದ ಚಿಗುರು ಮುರಿಯುತ್ತಿದ್ದರು. ಎಲ್ಲರೂ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿದ್ದರು. ಬೋರವ್ವ ಮುಂದೆ ನಿಂತಿದ್ದಳು, ಎಡಗೈಯಿಂದ ಕೆಲಸ ಮಾಡುತ್ತಿದ್ದಳು.

"ಮಾಸ್ತರ ಬಂದ್ರು, ಬಳ್ಳಿಗೂ ಕತ್ತರಿ ಹಚ್ಚತಾರ ನೋಡ್ರೆವಾ" ಎಂದಳು ಕಸ್ತೂರಿ. ಗ್ಯಾಂಗಿನಲ್ಲಿ ಎರಡನೆಯವಳು, ಬಾಯಿ ಚುರುಕು.

"ನಿನ್ನ ನಾಲಿಗಿಗಿ ಹಚ್ಚಲಿ ಮೊದಲ" ಎಂದಳು ಬೋರವ್ವ.

ಹಾಗೆನ್ನುತ್ತ ಎಡಗೈಯಿಂದ ತನ್ನ ಬಲ ಮಣಿಕಟ್ಟು ಹಿಡಿದು ತಲೆಯ ಮೇಲಕ್ಕೆ ಎತ್ತಿ, ಬೆರಳುಗಳನ್ನು ತಂತಿಗೆ ಸಿಕ್ಕಿಸಿಬಿಟ್ಟಳು. ಕೈ ಅಲ್ಲಿ ನೇತಾಡಿತು. ಎಡಗೈ ಬಿಡುವಾಯಿತು, ಚಿಗುರು ಮುರಿಯತೊಡಗಿತು. "ಬಸ್ಸಿನ್ಯಾಗ ಜೋತ ಬಿದ್ದಂಗ ನಿಂತಾಳ ನೋಡ" ಎಂದು ಕಸ್ತೂರಿ ನಕ್ಕಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕು ತಂತಿಯ ಎತ್ತರ ಅಳೆದೆ.

ತಾನಾಗಿ ಏಳದ ಕೈ, ಎತ್ತಿದರೆ ತಲೆಯ ಮೇಲೆ. ಡಾಕ್ಟರು ಹೇಳಿಕೊಟ್ಟ ಒಂದೇ ಪಾಠ ನನ್ನ ಮುಂದೆ ತಂತಿಗೆ ನೇತಾಡುತ್ತಿತ್ತು.

ಸೆಪ್ಟೆಂಬರಿನ ನಾಲ್ಕನೆಯ ಭಾನುವಾರ ಬಸವನ ಬಾಗೇವಾಡಿ. ಕೊನೆಗೂ ಸ್ವಲ್ಪ ಮಳೆಯಾಗಿ, ಮನಗೂಳಿ ದಾಟಿದ ಮೇಲೆ ಕರಿ ಮಣ್ಣು ರಸ್ತೆಗೆ ಹತ್ತಿಕೊಂಡಿತ್ತು. ಅಲ್ಲಿನ ನಮ್ಮ ಜಾಗಕ್ಕೆ ಮಾತ್ರ ಬಾಗಿಲಿರುವ ಒಂದು ಒಳಕೋಣೆ ಇತ್ತು. ಬಿಸಿ ಶಾಖ ಕೊಡಲು ಆ ತಿಂಗಳು ಹೊಸದಾಗಿ ಹಸೀನಾ ಎಂಬ ನರ್ಸನ್ನು ಕರೆಸಿದ್ದರು. ಊರಿನವಳೇ, ಮಾತು ಕಡಿಮೆ. ಎಳೆಯುವ ಮೊದಲು ಶಾಖ ಕೊಡುವುದಕ್ಕೆ ಬೋರವ್ವನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಬ್ಬಳೇ ಹೊರಗೆ ಬಂದಳು.

"ಸಾಹೇಬ್ರ, ಅಕಿ ಕೈ ಪೂರಾ ಮ್ಯಾಲ ಹೊಕ್ಕೈತ್ರಿ. ನಾ ಹಿಡಿದು ಎತ್ತಿದೆ, ಕಿವಿಗಿ ಹತ್ತಿತು. ಬಿಟ್ಟೆ, ಧೊಪ್ಪಂತ ಬಿತ್ತು."

ಡಾಕ್ಟರು ನನ್ನ ಕಾಗದ ತಿರುವಿದರು. "ಇಲ್ಲಿ ಮೊದಲಿಂದ ತೊಂಬತ್ತೈತಲ್ಲ."

"ತೊಂಬತ್ತಕ್ಕ ಸೆರಗ ಜಾರತೈತ್ರಿ" ಎಂದಳು ಹಸೀನಾ.

ಬೆಂಚಿನ ಮೇಲೆ ಕೂತ ಗಂಡಸರಿಗೆ ಏನೂ ತಿಳಿಯಲಿಲ್ಲ. ಡಾಕ್ಟರು ಎದ್ದು ಒಳಬಾಗಿಲವರೆಗೆ ಹೋಗಿ ನಿಂತರು. ಒಳಗೆ ಬೋರವ್ವ ಮತ್ತೆ ಸೆರಗು ಹೊದ್ದು ಕೂತಿದ್ದಳು.

"ಯಾಕ ಹೇಳಲಿಲ್ಲ ಅವ್ವಾ?"

"ನೋವು ಎಲ್ಲೈತಿ ಅಂತ ಕೇಳಿದ್ರಿ, ಹೇಳಿದ್ನಿ. ಸೆರಗಿನ ಮಾತು ಯಾರೂ ಕೇಳಲಿಲ್ರಿ."

ಆ ವಾರವೇ ವಿಜಯಪುರದಲ್ಲಿ ಸ್ಕ್ಯಾನ್ ಆಯಿತು. ಹುರಿ ಪೂರ್ತಿ ಹರಿದು ಒಳಕ್ಕೆ ಸೇದಿಕೊಂಡಿತ್ತು. ಟ್ರೇಲರು ಹರಿದದ್ದೆಷ್ಟು, ಹನ್ನೊಂದು ಭಾನುವಾರ ನಾವು ಎಳೆದು ಹರಿದದ್ದೆಷ್ಟು, ಯಾರೂ ಹೇಳಲಾರರು. ಸಂಖ್ಯಾಶಾಸ್ತ್ರದವನಾಗಿ ನಾನಂತೂ ಹೇಳಲಾರೆ. ಈ ವಾಕ್ಯದಲ್ಲಿ ಅಡಗಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಡಾಕ್ಟರು ಅಡಗಿಕೊಳ್ಳಲಿಲ್ಲ, ಎಳೆದದ್ದರಿಂದ ಹೆಚ್ಚಾಗಿದೆ ಎಂದು ಬಾಯಿಬಿಟ್ಟು ಹೇಳಿದರು. ಹಾಗೆ ಹೇಳಿದವರೇ ಫಿಲ್ಮನ್ನು ಬೆಳಕಿಗೆ ಹಿಡಿದಾಗ ರೂಢಿಯ ಮಾತೊಂದನ್ನು ಆಡಿಬಿಟ್ಟರು.

"ಮೂರು ತಿಂಗಳ ಮೊದಲ ಸಿಕ್ಕಿದ್ರ ಚಲೋ ಹೊಲಿಯಾಕ ಬರತಿತ್ತು."

"ಮೂರು ತಿಂಗಳ ಮೊದಲ ಸಿಕ್ಕೇನೆಲ್ರಿ" ಎಂದಳು ಬೋರವ್ವ. "ವಾರಾ ವಾರಾ ಸಿಕ್ಕೇನಿ. ನಾಕೂ ಊರಾಗ."

ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ಹುಡುಗನಿಗೆ ತಿದ್ದಿ ಹೇಳಿದಂತಿತ್ತು. ಡಾಕ್ಟರು ಫಿಲ್ಮ್ ಕೆಳಗಿಟ್ಟರು.

ಅಕ್ಟೋಬರಿನ ಚಾಟ್ನಿಯಲ್ಲಿ ಕಸ್ತೂರಿ ಮುಂದೆ ನಡೆದಳು. ದಸರೆಯ ನಂತರ ಡಾಕ್ಟರೇ ಬೋರವ್ವನ ಶಸ್ತ್ರಚಿಕಿತ್ಸೆ ಮಾಡಿದರು. ನೋವು ಹೋಗುತ್ತದೆ, ಕೈ ಹೆಗಲಿನ ಮೇಲಕ್ಕೆ ಏಳುವ ಭರವಸೆ ಇಲ್ಲ ಎಂದು ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ನಾಲ್ಕೂ ಊರಿನಲ್ಲಿ ಒಂದೊಂದು ಮೂಲೆಗೆ ಪರದೆ ಕಟ್ಟಿಸಿದರು. ಪಟ್ಟಿಯಲ್ಲಿದ್ದ ಹೆಂಗಸರನ್ನೆಲ್ಲ ಹಸೀನಾ ಪರದೆಯ ಹಿಂದೆ ಮತ್ತೆ ಅಳೆದಳು. ತೊಂಬತ್ತರವರು ನೂರ ಮೂವತ್ತಕ್ಕೆ, ನೂರೈವತ್ತಕ್ಕೆ ಚದುರಿಹೋದರು. ರೊಟ್ಟಿಯ ಸಿದ್ಧಾಂತ ನಾಲ್ಕು ಭಾನುವಾರದಲ್ಲಿ ಮುಗಿಯಿತು. ಒಮ್ಮೆ ಕಾರಿನಲ್ಲಿ ಡಾಕ್ಟರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ನಮ್ಮವ್ವನೂ ಹಂಗ ಸೆರಗ ಹೊರತಿದ್ಲು. ನನಗೂ ಕಾಣ್ಲಿಲ್ಲ, ನಿನಗೂ ಕಾಣ್ಲಿಲ್ಲ."

ತೋಟದಲ್ಲಿ ಕಂಡದ್ದನ್ನು ಆಗಲೂ ಅವರಿಗೆ ಹೇಳಲಿಲ್ಲ. ನವೆಂಬರಿನಲ್ಲಿ ರಾಯಚೂರು ಕಡೆಯ ಕಾಲೇಜಿಗೆ ಆದೇಶ ಬಂತು, ಹೊರಟೆ.

ಆಮೇಲಿನ ವರ್ಷಗಳಲ್ಲಿ ಆ ತೋಟದ ದಿನವನ್ನು ನಾನು ಹಿಂದೆ ಮುಂದೆ ಸರಿಸುತ್ತಲೇ ಬಂದೆ. ಬಾಗೇವಾಡಿಯ ಭಾನುವಾರಕ್ಕಿಂತ ಮೊದಲು ಹೋಗಿದ್ದರೆ ನಾನು ಕಂಡೂ ಸುಮ್ಮನಿದ್ದವನು. ನಂತರ ಹೋಗಿದ್ದರೆ ಎಲ್ಲ ಗೊತ್ತಾದ ಮೇಲೆ ಕಂಡವನು, ನಿರಪರಾಧಿ. 'ನೆನಪಿನಲ್ಲಿ ಹಸಿರು ನೆರಳಿದೆ. ಚಾಟ್ನಿಯಾದ ಮೇಲೆ ಬಳ್ಳಿ ಬೋಳು, ಆದ್ದರಿಂದ ಹೋದದ್ದು ಚಾಟ್ನಿಗೆ ಮೊದಲೇ' ಎಂದುಕೊಳ್ಳುತ್ತಿದ್ದೆ. ಆದರೆ ಬಾಗೇವಾಡಿಗೂ ಚಾಟ್ನಿಗೂ ನಡುವೆ ಎರಡು ಮೂರು ವಾರ ಎಲೆ ಇದ್ದೇ ಇತ್ತು. ಆ ಸಂದಿನಲ್ಲಿ ಹೋಗಿರಬಹುದಲ್ಲ, ಕ್ಷಮೆ ಕೇಳಲು. ಹಾಗಾದರೆ ಟೇಪು ಯಾಕೆ ಒಯ್ದೆ? ಟೇಪು ಬೇರೆ ದಿನದ್ದೂ ಇರಬಹುದು. ನೆನಪನ್ನು ನಂಬಬಾರದು ಎಂಬುದು ನಾನು ಓದಿ ಗಳಿಸಿದ ವಿದ್ಯೆ, ಅದನ್ನು ಬೇಕಾದಷ್ಟು ಬಳಸಿಕೊಂಡೆ. ಹೀಗೆ ಬಳಸಿ ಬಳಸಿ ಸಾಕಾಗಿತ್ತು.

ಈ ಆಗಸ್ಟಿನಲ್ಲಿ ಪರೀಕ್ಷೆಯ ಕೆಲಸ ಮುಗಿದ ಮಧ್ಯಾಹ್ನ ಇಂಡಿಯಿಂದ ಚಡಚಣದ ಬಸ್ಸು ಹತ್ತಿದೆ. ತೋಟ ಹುಡುಕುವುದು ಕಷ್ಟವಾಗಲಿಲ್ಲ. ದೂರದಿಂದಲೇ ದನಿ ಕೇಳಿಸಿತು. ಸಾಲಿನ ತುದಿಯಲ್ಲಿ ಬೋರಲು ಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕೂತು, "ಎಡಕಿನ ಬಳ್ಳಿ ಬಿಟ್ರೆವಾ, ಹಿಂದ ನೋಡಕೋತ ನಡೀರಿ" ಎನ್ನುತ್ತಿದ್ದಳು. ಬಲಗೈ ತೊಡೆಯ ಮೇಲಿತ್ತು. ಮುಂದೆ ನಡೆಯುತ್ತಿದ್ದವಳು ಕಸ್ತೂರಿ.

ಬೋರವ್ವ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ಅಳತಿ ಮಾಸ್ತರ ಅಲ್ಲೇನ? ಕೂದಲ ಹ್ವಾದೂ ನಿನ್ನವು."

"ಹೌದ್ರಿ ಬೋರವ್ವಾರ. ಆರಾಮ ಅದೀರೇನ್ರಿ?"

"ಕುಂದರಾಕ ಕ್ರೇಟ್ ಐತಿ, ಒದರಾಕ ಬಾಯಿ ಐತಿ. ಏನ ಕಡಿಮಿ." ಇನ್ನೊಂದು ಕ್ರೇಟನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು. "ಯಾಕ ಬಂದಿ?"

ಒಂದೇ ಒಂದು ಮಾತು ಕೇಳಲೆಂದು ಇಷ್ಟು ದೂರ ಬಂದಿದ್ದೆ. ನೀರು ಕೇಳಿ ಕುಡಿದೆ.

"ಒಮ್ಮೆ ತಂತಿ ಅಳಿಯಾಕ ಇಲ್ಲಿ ಬಂದಿದ್ನೆಲ್ರಿ. ಬಾಗೇವಾಡ್ಯಾಗ ಹಸೀನಾ ಸಿಸ್ಟರ್ ನಿಮ್ಮ ಕೈ ನೋಡಿದ್ರಲ್ಲ, ಅದರ ಮೊದಲೇನ್ರಿ, ಆಮ್ಯಾಲೇನ್ರಿ?"

"ಮೊದಲ" ಎಂದಳು, ಯೋಚಿಸದೆ. "ಶ್ರಾವಣ ಸೋಮವಾರ. ನಾ ಒಪ್ಪತ್ತು ಇದ್ನಿ. ನಿನಗ ರೊಟ್ಟಿ ಕೊಟ್ಟು ನಾ ಉಣಲಿಲ್ಲ."

ಆಕೆ ಉಣ್ಣದ್ದು ನನಗೆ ನೆನಪಿರಲಿಲ್ಲ. ನಾನು ಉಂಡದ್ದು ನೆನಪಿತ್ತು.

"ಬಾಗೇವಾಡಿ ಆದ ಮ್ಯಾಲ ನಾ ತೋಟಕ್ಕ ಎಲ್ಲಿ ಬಂದ್ನಿ? ಇನ್ನೊಬ್ಬಾಕಿ ಮುಂದ ನಡಿಯೂ ಸಾಲಿಗಿ ನಾ ಯಾಕ ಬರ್ಲಿ? ಆ ವರ್ಷ ಪೂರಾ ಇತ್ತ ಮುಖಾನ ಮಾಡಲಿಲ್ಲ." ಸಾಲಿನ ಕಡೆ ನೋಡುತ್ತಲೇ ಮಾತಾಡುತ್ತಿದ್ದಳು. "ಅವತ್ತ ನಾ ಕೈ ತಂತಿಗಿ ಹಾಕಿದ್ದು ನೀ ನೋಡಿದಿ. ನಕ್ಕಿ. ನಾ ಸಮಾಧಾನ ಆದ್ನಿ. ಆ ಬೆಂಚಿನ ಮಂದಿ ಮುಂದ ನನಗ ಹೇಳಾಕ ಬರಂಗಿಲ್ಲ. ಇಂವ ಕಲ್ತಾಂವ, ಕಣ್ಣಾರೆ ನೋಡ್ಯಾನ, ಸಾಹೇಬ್ರಿಗಿ ಇಂವ ಹೇಳ್ತಾನ ಅಂದ್ಕೊಂಡ್ನಿ. ಮುಂದಿನ ಐತವಾರ ಮತ್ತ ಜಗ್ಗಿದ್ರು. ಇಂವ ಹೇಳಿದ ಮ್ಯಾಲೂ ಜಗ್ಗಾಕತ್ತಾರಂದ್ರ ಅದಕ್ಕ ಏನೋ ಕಾರಣ ಇರಬೇಕಂತ ಸುಮ್ಮಕಾದ್ನಿ."

ಗಾಳಿ ಇರಲಿಲ್ಲ. ಎಲೆಗಳ ಸಂದಿನಿಂದ ಬಿಸಿಲು ಅವಳ ಸೆರಗಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು.

"ಹೇಳಿದ್ದಿಲ್ಲೇನ ನೀ?"

"ಇಲ್ರಿ" ಎಂದೆ.

ಅವಳು ಒಮ್ಮೆ ತಲೆಯಾಡಿಸಿದಳು. ಸಾಲಿನ ಆ ತುದಿಯಲ್ಲಿ ಹೆಂಗಸರು ಏನಕ್ಕೋ ನಕ್ಕರು. ಬೋರವ್ವ ತಲೆಯೆತ್ತಿ ಚಪ್ಪರ ನೋಡಿದಳು.

"ನೀ ಎತ್ತರ ಅದಿ. ಎದ್ದ ನಿಂದ್ರು. ಆ ಚಿಗುರು ತಂತಿ ಬಿಟ್ಟು ಜೋತು ಬಿದ್ದೈತಿ ನೋಡು, ಹಿಡಿ."

ಎದ್ದು ಹಿಡಿದೆ. ಹೆಬ್ಬೆರಳಿನಷ್ಟು ದಪ್ಪದ, ಎಲೆ ತುಂಬಿದ ಚಿಗುರು. ತೂಕವಿತ್ತು.

"ಮ್ಯಾಲ ತಂತಿಗಿ ಹಚ್ಚು. ಹಿಡಕೊಂಡ ನಿಂದ್ರು, ಬಿಟ್ರ ಮುರೀತೈತಿ. ಕಸ್ತೂರೀ, ದಾರ ತಾ."

ಕಸ್ತೂರಿ ಬರುತ್ತೇನೆಂದು ಅಲ್ಲಿಂದಲೇ ಕೂಗಿದಳು, ಕೈಯಲ್ಲಿದ್ದ ಬಳ್ಳಿ ಮುಗಿಸಿ ಬರುವವಳು. ನಾನು ಕೈ ಮೇಲೆತ್ತಿ ನಿಂತೆ. ಒಂದು ನಿಮಿಷಕ್ಕೆ ಹೆಗಲು ಬಿಸಿಯಾಯಿತು. ಎರಡು ನಿಮಿಷಕ್ಕೆ ಬೆರಳು ಜುಮುಗುಟ್ಟಿದವು, ತೋಳು ನಡುಗತೊಡಗಿತು. ಎಲೆಯ ಧೂಳು ಕಣ್ಣಿಗೆ ಬಿತ್ತು, ಒರೆಸಿಕೊಳ್ಳಲು ಇನ್ನೊಂದು ಕೈಯೂ ಬಿಡುವಿರಲಿಲ್ಲ. ಬೋರವ್ವ ಕೆಳಗೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು.

"ಇನ್ನೊಂದೀಟು ಮ್ಯಾಲ" ಎಂದಳು.